ಹೆಬ್ಬೆರಳಿನ ಬೇನೆ ಮತ್ತು ನಮ್ಮ ಊಟದ ಮೇಜು

ಮದುವೆಯ ಮುನ್ನಾದಿನದ ರೋಸ್ ನಮ್ಮ ಕೆಥೋಲಿಕ್ ಕುಟುಂಬಗಳಲ್ಲಿ ಮದುವೆಯಷ್ಟೇ ಸಂಭ್ರಮದ ದಿನ. ತೆಂಗಿನ ಹಾಲಿನ ಅಭಿಷೇಕ, ಹಿರಿಯರ ವೊವಿಯೊ ಹಾಡು, ಊರಿಂದೂರಿಗೆ ಹೋದ ಬಂಧುಗಳ ಪುನರ್ಮಿಲನ, ಇವುಗಳ ಬೆನ್ನಿಗೆ ಧಾರಾಳವಾದ ಊಟ. ಎಂಟು ವರ್ಷಗಳ ಹಿಂದೆ ಪಡೀಲಿನ ನಮ್ಮ ಮನೆಯಲ್ಲಿ ಅಂಥದೊಂದು ರೋಸ್ ನಡೆಯಿತು. ಹಂದಿಮಾಂಸದ ಬಾಫತ್, ಕಾಳಿಜ್-ಅಂಕಿತಿ, ಸಿಗಡಿಯ ಸುಕ್ಕ, ಜೊತೆಗೆ ಬಿಯರು. ಅತಿಥಿಗಳನ್ನು ಬೀಳ್ಕೊಟ್ಟು ನಾವು ಮಲಗುವಾಗ ಮಧ್ಯರಾತ್ರಿ ಕಳೆದಿತ್ತು. ಎರಡು ಗಂಟೆಯ ಸುಮಾರಿಗೆ ಒಳಕೋಣೆಯಿಂದ ನರಳಾಟ ಕೇಳಿಸಿತು. ನಾವೆಲ್ಲರೂ ಪ್ರೀತಿಯಿಂದ 'ಬಾಪ್ಪು' ಎಂದು ಕರೆಯುವ ನಮ್ಮ ತಂದೆಯ ತಮ್ಮನವರು ಹಾಸಿಗೆಯ ಮೇಲೆ ಎದ್ದು ಕುಳಿತು ಎಡಗಾಲನ್ನು ಎರಡೂ ಕೈಗಳಿಂದ ಹಿಡಿದುಕೊಂಡಿದ್ದರು. ಹೆಬ್ಬೆರಳಿನ ಬುಡ ಕೆಂಪಾಗಿ, ಊದಿ, ಕೆಂಡದಂತೆ ಬಿಸಿಯಾಗಿತ್ತು. ಹೊದಿಕೆಯ ಅಂಚು ತಗಲಿದರೂ ಅವರು ಚೀರುತ್ತಿದ್ದರು.

ದಿನವಿಡೀ ಓಡಾಡಿದ್ದರಿಂದ ಕಾಲು ಉಳುಕಿರಬೇಕೆಂದು ನಾವು ತಿಳಿದೆವು. ಎಣ್ಣೆ ಕಾಯಿಸಿ ತಿಕ್ಕಿದೆವು, ಬಿಸಿನೀರಿನ ಶಾಖ ಕೊಟ್ಟೆವು. ನೋವು ಇಮ್ಮಡಿಸಿತು. ಮರುದಿನ ಔಷಧದ ಅಂಗಡಿಯಿಂದ ನೋವಿನ ಮಾತ್ರೆ ತಂದೆವು. ಒಂದು ವಾರದಲ್ಲಿ ಬಾಪ್ಪು ಎದ್ದು ನಡೆದರು. ನಾಲ್ಕು ತಿಂಗಳ ನಂತರ ಮತ್ತೆ ಅದೇ ರಾತ್ರಿ, ಅದೇ ಬೆರಳು, ಅದೇ ಮಾತ್ರೆ. ಮೂಳೆಗೆ ಬಲ ಬರಲೆಂದು ಆಡಿನ ಕಾಲಿನ ಸೂಪು ಮಾಡಿಕೊಟ್ಟೆವು. ಹೀಗೆ ನಾಲ್ಕು ವರ್ಷ ಕಳೆದವು. ಕೊನೆಗೆ ಕಂಕನಾಡಿಯಲ್ಲಿ ವೈದ್ಯರೊಬ್ಬರು ರಕ್ತಪರೀಕ್ಷೆ ಮಾಡಿಸಿದಾಗ ಎರಡು ಸಂಗತಿಗಳು ಬೆಳಕಿಗೆ ಬಂದವು. ರಕ್ತದಲ್ಲಿ ಯೂರಿಕ್ ಆಮ್ಲ 9.4 ಇತ್ತು. ಅದಕ್ಕಿಂತ ಗಂಭೀರವಾಗಿ, ಮೂತ್ರಪಿಂಡದ ಕಾರ್ಯವನ್ನು ಸೂಚಿಸುವ ಕ್ರಿಯಾಟಿನೈನ್ ಅಂಶವೂ ಏರಿತ್ತು. "ನೋವಿನ ಮಾತ್ರೆ ಇದುವರೆಗೆ ಎಷ್ಟು ನುಂಗಿದ್ದೀರಿ?" ಎಂದು ವೈದ್ಯರು ಕೇಳಿದಾಗ ನಮ್ಮಲ್ಲಿ ಯಾರಿಗೂ ಉತ್ತರ ಕೊಡಲಾಗಲಿಲ್ಲ.

ನಮ್ಮ ಅಜ್ಞಾನದ ಈ ಕಥೆಯನ್ನು ಇಲ್ಲಿ ಬರೆಯುವುದಕ್ಕೆ ಕಾರಣವಿದೆ. ಇಂಥ ಹೆಬ್ಬೆರಳಿನ ಬೇನೆ ನಮ್ಮ ವಾಳೆಗಳಲ್ಲಿ, ನೆರೆಹೊರೆಯಲ್ಲಿ ಅಪರೂಪವಲ್ಲ. ಅದರ ಬಗ್ಗೆ ಕೊಡಲಾಗುವ ಸಲಹೆಗಳಿಗೂ ಕೊರತೆಯಿಲ್ಲ. ಯಾವ ಸಲಹೆ ಹಿತ, ಯಾವುದು ನಿರರ್ಥಕ, ಯಾವುದು ಅಪಾಯಕರ ಎಂಬ ವಿವೇಚನೆ ಮಾತ್ರ ನಮಗಿರಲಿಲ್ಲ.

ಏನಿದು ಗೌಟ್?

ನಮ್ಮ ದೇಹದ ಜೀವಕೋಶಗಳಲ್ಲಿಯೂ ನಾವು ಸೇವಿಸುವ ಆಹಾರದಲ್ಲಿಯೂ ಪ್ಯೂರಿನ್ ಎಂಬ ಪದಾರ್ಥಗಳಿವೆ. ಅವು ವಿಭಜನೆಗೊಂಡಾಗ ಕೊನೆಯಲ್ಲಿ ಉಳಿಯುವುದೇ ಯೂರಿಕ್ ಆಮ್ಲ. ಹೆಚ್ಚಿನ ಸಸ್ತನಿಗಳಲ್ಲಿ ಇದನ್ನು ಮತ್ತಷ್ಟು ಕರಗಿಸುವ ಕಿಣ್ವವೊಂದಿದೆ, ಮನುಷ್ಯನಿಗೆ ಅದಿಲ್ಲ. ಆದುದರಿಂದ ಈ ಆಮ್ಲದ ಸುಮಾರು ಮೂರನೆಯ ಎರಡು ಭಾಗವನ್ನು ಮೂತ್ರಪಿಂಡಗಳು, ಉಳಿದುದನ್ನು ಕರುಳು ಹೊರಹಾಕಬೇಕು. ಉತ್ಪತ್ತಿ ಹೆಚ್ಚಾದರೆ, ಅಥವಾ ಬಹುಪಾಲು ರೋಗಿಗಳಲ್ಲಿ ಆಗುವಂತೆ ವಿಸರ್ಜನೆ ಕುಂದಿದರೆ, ಅದು ರಕ್ತದಲ್ಲಿ ಶೇಖರಗೊಳ್ಳುತ್ತದೆ. ಪ್ರತಿ 100 ಮಿಲಿಲೀಟರು ರಕ್ತದಲ್ಲಿ ಸುಮಾರು 6.8 ಮಿಲಿಗ್ರಾಂ ದಾಟಿದಾಗ ಅದು ಕರಗಿ ಉಳಿಯಲಾರದೆ ಸೂಜಿಯಂಥ ಹರಳುಗಳಾಗಿ ಕೀಲುಗಳಲ್ಲಿ ಕೂರತೊಡಗುತ್ತದೆ. ದೇಹದ ಇತರ ಭಾಗಗಳಿಗಿಂತ ತಂಪಾಗಿರುವ ಪಾದದ ಹೆಬ್ಬೆರಳು ಈ ಹರಳುಗಳಿಗೆ ಪ್ರಿಯವಾದ ತಾಣ. ಒಂದು ರಾತ್ರಿ ರಕ್ತದ ಬಿಳಿಕಣಗಳು ಆ ಹರಳುಗಳ ಮೇಲೆರಗಿದಾಗ ಉಂಟಾಗುವ ಉರಿಯೂತವೇ ಗೌಟ್. ಆಯುರ್ವೇದದಲ್ಲಿ ಇದಕ್ಕೆ ಬಹುಮಟ್ಟಿಗೆ ಹೋಲುವ ರೋಗಕ್ಕೆ 'ವಾತರಕ್ತ' ಎಂಬ ಹೆಸರಿದ್ದು, ಚರಕ ಸಂಹಿತೆಯಲ್ಲಿ ಅದರ ಚಿಕಿತ್ಸೆಗೆಂದೇ ಒಂದು ಅಧ್ಯಾಯವಿದೆ.

ಗಂಡಸರಲ್ಲಿ ನಡುವಯಸ್ಸಿನಿಂದ, ಹೆಂಗಸರಲ್ಲಿ ಸಾಮಾನ್ಯವಾಗಿ ಮುಟ್ಟು ನಿಂತ ಬಳಿಕ ಇದು ಕಾಣಿಸಿಕೊಳ್ಳುತ್ತದೆ. ಬೊಜ್ಜು, ಏರಿದ ರಕ್ತದೊತ್ತಡ, ಮಧುಮೇಹ ಮತ್ತು ಮೂತ್ರಪಿಂಡದ ದೌರ್ಬಲ್ಯ ಇದರ ಒಡನಾಡಿಗಳು. ಮೂತ್ರ ಹೆಚ್ಚಿಸುವ ಕೆಲವು ರಕ್ತದೊತ್ತಡದ ಮಾತ್ರೆಗಳೂ ಹೃದ್ರೋಗಿಗಳು ಸೇವಿಸುವ ಅಲ್ಪ ಪ್ರಮಾಣದ ಆಸ್ಪಿರಿನ್ ಮಾತ್ರೆಯೂ ಯೂರಿಕ್ ಆಮ್ಲವನ್ನು ಏರಿಸಬಲ್ಲವು. ಹಾಗೆಂದು ಅವುಗಳನ್ನು ಸ್ವಯಂ ನಿರ್ಧಾರದಿಂದ ನಿಲ್ಲಿಸುವುದು ಪ್ರಾಣಾಪಾಯಕ್ಕೆ ದಾರಿ. ವೈದ್ಯರ ಗಮನಕ್ಕೆ ತಂದರೆ ಸಾಕು.

ಕುಡುಕರ ಕಾಯಿಲೆಯೆಂಬ ಕಳಂಕ

ಬಾಪ್ಪು ಕುಂಟುತ್ತ ಬಲಿಪೂಜೆಗೆ ಬಂದಾಗಲೆಲ್ಲ "ನಿನ್ನೆ ಜಾಸ್ತಿಯಾಯಿತೇ?" ಎಂದು ನಗುವವರಿದ್ದರು. ಸತ್ಯ ಹೇಳಬೇಕೆಂದರೆ ನಾವೂ ಒಂದೆರಡು ಬಾರಿ ನಕ್ಕಿದ್ದೇವೆ. ರಾಜರ ರೋಗ, ತಿಂದುಂಡು ಕೊಬ್ಬಿದವರ ರೋಗ ಎಂಬ ಮಾತು ಪುರಾತನ ಕಾಲದಿಂದ ಬಂದಿದೆ. ಅದಕ್ಕೆ ಸಾಕ್ಷಿಯಾಗಿ ಚಕ್ರವರ್ತಿ 5ನೇ ಚಾರ್ಲ್ಸನನ್ನು ಉದಾಹರಿಸುವುದುಂಟು. ಯುರೋಪಿನ ಅರ್ಧವನ್ನೇ ಆಳಿದ ಆತ ಮಾಂಸಕ್ಕೂ ಬಿಯರಿಗೂ ಒಲಿದವನು. ಗೌಟಿನಿಂದ ಜರ್ಜರಿತನಾಗಿ ಸಿಂಹಾಸನ ತೊರೆದು ಸ್ಪೇನಿನ ಯೂಸ್ತೆಯ ಮಠದಲ್ಲಿ ಕೊನೆಯ ದಿನಗಳನ್ನು ಕಳೆದು 1558ರಲ್ಲಿ ತೀರಿಕೊಂಡ. ಕಾಯ್ದಿರಿಸಲಾಗಿದ್ದ ಆತನ ಬೆರಳಿನ ತುದಿಯನ್ನು ವಿಜ್ಞಾನಿಗಳು ಪರೀಕ್ಷಿಸಿ, ಅದರಲ್ಲಿ ಯೂರಿಕ್ ಆಮ್ಲದ ಹರಳುಗಳು ತುಂಬಿದ್ದುದನ್ನು 2006ರಲ್ಲಿ ಪ್ರಕಟಿಸಿದರು.

ಆದರೆ ಇದೇ ರೋಗ 590ರಿಂದ 604ರವರೆಗೆ ಪೋಪರಾಗಿದ್ದ ಸಂತ ಮಹಾ ಗ್ರೆಗೊರಿಯವರನ್ನೂ ಕಾಡಿತ್ತು. ಅವರು ಮಠವಾಸಿಯಾಗಿದ್ದವರು, ಕಠಿಣ ಉಪವಾಸಗಳಿಂದ ದೇಹವನ್ನು ದಂಡಿಸಿದ್ದವರು. ಹಾಸಿಗೆಯಿಂದ ಏಳಲೂ ಆಗದ ತಮ್ಮ ನೋವನ್ನು ಪತ್ರಗಳಲ್ಲಿ ತೋಡಿಕೊಂಡಿದ್ದಾರೆ. ಭೋಗಿಯನ್ನೂ ವಿರಾಗಿಯನ್ನೂ ಒಂದೇ ರೋಗ ಹಿಡಿಯಬೇಕಾದರೆ ಅದರ ಮೂಲ ತಟ್ಟೆಯಲ್ಲಿ ಮಾತ್ರ ಇರಲಾರದು. ಯೂರಿಕ್ ಆಮ್ಲವನ್ನು ಸೋಸಿ ಸಾಗಿಸುವ ಸಾಮರ್ಥ್ಯ ಬಹುಮಟ್ಟಿಗೆ ವಂಶದಿಂದ ಬಂದುದೆಂದು ಇಂದಿನ ವಿಜ್ಞಾನ ತಿಳಿಸುತ್ತದೆ. ನಮ್ಮ ಅಜ್ಜನವರೂ ಮುದಿವಯಸ್ಸಿನಲ್ಲಿ ಕೋಲು ಹಿಡಿದು ಕುಂಟುತ್ತಿದ್ದುದು ನಮಗೆ ನೆನಪಾದುದು ಆಮೇಲೆ.

ಶುಕ್ರವಾರದ ಮೀನು

ವೈದ್ಯರು ಮಾಂಸ ಕಡಿಮೆ ಮಾಡಲು ಹೇಳಿದಾಗ ಬಾಪ್ಪು ಸಂತೋಷದಿಂದಲೇ ಒಪ್ಪಿದರು. "ತಪಸ್ಸು ಕಾಲ ಬಂತಲ್ಲ, ನಲವತ್ತು ದಿನ ಮಾಂಸ ಬಿಟ್ಟು ಮೀನು ತಿನ್ನುತ್ತೇನೆ" ಎಂದರು. ಪಡೀಲಿನ ಕೂಡುರಸ್ತೆಯ ಕಡೆಯಿಂದ ದಿನಾಲೂ ಬೂತಾಯಿ ಬಂತು, ಕೆಲವೊಮ್ಮೆ ಕೊಲ್ಲತರು, ಮರುವಾಯಿ ಬಂದವು. ಮೂರನೆಯ ವಾರ ಬೆರಳು ಮತ್ತೆ ಊದಿತು.

ಕಾರಣ ಸರಳವಾಗಿತ್ತು. ಜಪಾನಿನ ಸಂಶೋಧಕರು ಅಳೆದ ಪಟ್ಟಿಯಂತೆ 100 ಗ್ರಾಂ ಹಂದಿಯ ಸೊಂಟದ ಮಾಂಸದಲ್ಲಿ ಸುಮಾರು 90 ಮಿಲಿಗ್ರಾಂ ಪ್ಯೂರಿನ್ ಇದ್ದರೆ, ಬೂತಾಯಿಯ ಬಳಗಕ್ಕೆ ಸೇರಿದ ಅಲ್ಲಿನ ಮೀನಿನಲ್ಲಿ ಸುಮಾರು 210 ಇದೆ. ಹಂದಿಯ ಪಿತ್ತಕೋಶದಲ್ಲಿ, ಅಂದರೆ ನಾವು ಕಾಳಿಜಿನ ಜೊತೆಗೆ ಬೇಯಿಸುವ ಲಿವರಿನಲ್ಲಿ, 280ಕ್ಕೂ ಹೆಚ್ಚು. ದಿನವೊಂದಕ್ಕೆ ಒಟ್ಟು 400 ಮಿಲಿಗ್ರಾಂ ಮೀರದಿರಲೆಂದು ಅಲ್ಲಿನ ವೈದ್ಯರು ರೋಗಿಗಳಿಗೆ ಸೂಚಿಸುತ್ತಾರೆ. ನೀರಿನಂಶ ಆರಿದ ಒಣಮೀನಿನಲ್ಲಿ ಪ್ಯೂರಿನ್ ಇನ್ನಷ್ಟು ಸಾಂದ್ರ. ಧರ್ಮಸಭೆಯ ವಿಧಿಯಲ್ಲಿ ಮೀನು ಮಾಂಸವಲ್ಲ. ಆದರೆ ಮೂತ್ರಪಿಂಡಕ್ಕೆ ಆ ಭೇದ ತಿಳಿಯದು.

ಬೇಯಿಸಿದಾಗ ಪ್ಯೂರಿನಿನ ಗಣನೀಯ ಭಾಗ ನೀರಿಗೆ ಇಳಿಯುತ್ತದೆ. ಆದುದರಿಂದ ತುಂಡಿಗಿಂತ ಸಾರನ್ನೇ ಹೆಚ್ಚು ಹಾಕಿಕೊಳ್ಳುವ ನಮ್ಮ ಅಭ್ಯಾಸದಿಂದ ಲಾಭವಿಲ್ಲ. ಮೂಳೆಗೆ ಬಲವೆಂದು ನಾವು ಶ್ರದ್ಧೆಯಿಂದ ಕುದಿಸಿಕೊಟ್ಟ ಕಾಲಿನ ಸೂಪು ನಿಜದಲ್ಲಿ ಉರಿಯುವ ಬೆಂಕಿಗೆ ಎಣ್ಣೆಯಾಗಿತ್ತು.

ಉಪವಾಸದ ಬಗ್ಗೆಯೂ ಒಂದು ಮಾತು ಅವಶ್ಯ. ಏಕಾಏಕಿ ಹೊಟ್ಟೆ ಬರಿದು ಮಾಡಿದಾಗ ದೇಹ ಕೊಬ್ಬನ್ನು ಉರಿಸುತ್ತದೆ; ಆಗ ಹುಟ್ಟುವ ಕೀಟೋನುಗಳು ಯೂರಿಕ್ ಆಮ್ಲದ ವಿಸರ್ಜನೆಗೆ ಅಡ್ಡಿಯಾಗುತ್ತವೆ. ಹಾಗಾಗಿ ಕಠಿಣ ಉಪವಾಸವೂ ಗೌಟನ್ನು ಕೆರಳಿಸಬಹುದು. 1983ರ ಧರ್ಮಸಭೆಯ ಕಾನೂನು ಸಂಹಿತೆಯಂತೆ ಉಪವಾಸದ ಕಟ್ಟಳೆ ಪ್ರಾಪ್ತ ವಯಸ್ಸಿನಿಂದ ಅರುವತ್ತನೆಯ ವರ್ಷ ಆರಂಭವಾಗುವವರೆಗಿನವರಿಗೆ ಮಾತ್ರ. ರೋಗಿಗಳ ಮೇಲೆ ಅದರ ಹೊರೆಯಿಲ್ಲವೆಂಬುದನ್ನು ಯಾವ ಧರ್ಮಗುರುಗಳೂ ತಿಳಿಸಿಯಾರು. ಅರುವತ್ತೊಂದು ದಾಟಿದ ಬಾಪ್ಪುವಿಗೆ ಇದನ್ನು ಒಪ್ಪಿಸುವುದಕ್ಕೆ ವೈದ್ಯರಿಗಿಂತ ಹೆಚ್ಚು ಶ್ರಮಪಟ್ಟವರು ನಮ್ಮ ಧರ್ಮಗುರುಗಳೇ.

ತಟ್ಟೆಯಲ್ಲಿ ಏನಿರಲಿ?

ಪಿತ್ತಕೋಶ, ಮೂತ್ರಪಿಂಡ ಮುಂತಾದ ಒಳಾಂಗಗಳನ್ನು ಗೌಟ್ ಇದ್ದವರು ಬಿಟ್ಟುಬಿಡುವುದೇ ಲೇಸು. ಹಂದಿ, ದನ, ಆಡಿನ ಮಾಂಸ, ಬೂತಾಯಿ, ಕೊಲ್ಲತರು, ಸಿಗಡಿ ಮತ್ತು ಮರುವಾಯಿಗಳನ್ನು ವಾರಕ್ಕೆ ಒಂದೆರಡು ಬಾರಿ, ಅಂಗೈಯಗಲದ ತುಂಡಿಗೆ ಮಿತಿಗೊಳಿಸಬೇಕು. ಮೊಟ್ಟೆಯಲ್ಲಿಯೂ ಹಾಲಿನಲ್ಲಿಯೂ ಪ್ಯೂರಿನ್ ಇಲ್ಲವೆನ್ನುವಷ್ಟು ಕಡಿಮೆ. ಕೊಬ್ಬು ತೆಗೆದ ಹಾಲು, ಮೊಸರು, ಮಜ್ಜಿಗೆಗಳು ಗೌಟಿನ ಸಂಭವವನ್ನು ಕಡಿಮೆ ಮಾಡುತ್ತವೆಂದು ಅಮೆರಿಕದಲ್ಲಿ ಸಾವಿರಾರು ಗಂಡಸರನ್ನು ಹನ್ನೆರಡು ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸಿತು. ನಮ್ಮ ಒಂದೆಲಗದ ತಂಬುಳಿ, ನೀರುಮಜ್ಜಿಗೆಗಳಿಗೆ ಇದಕ್ಕಿಂತ ಉತ್ತಮ ಶಿಫಾರಸು ಬೇಕಿಲ್ಲ.

ಅದೇ ಅಧ್ಯಯನ ಮತ್ತೊಂದು ತಪ್ಪು ಕಲ್ಪನೆಯನ್ನೂ ನಿವಾರಿಸಿತು. ಬೇಳೆ, ಅಲಸಂಡೆ, ಬಸಳೆ, ಹರಿವೆ, ಅಣಬೆಗಳನ್ನು ಗೌಟ್ ರೋಗಿಗಳು ಮುಟ್ಟಬಾರದೆಂದು ಹೇಳುವುದುಂಟು. ಪ್ಯೂರಿನ್ ಇರುವ ತರಕಾರಿಗಳಿಂದ ಗೌಟಿನ ಅಪಾಯ ಹೆಚ್ಚಲಿಲ್ಲವೆಂಬುದೇ ಅದರ ಫಲಿತಾಂಶ. ಮಾಂಸ ಬಿಡಬೇಕು, ಬೇಳೆಯನ್ನೂ ಬಿಡಬೇಕೆಂದರೆ ಮುದುಕರು ಬರಿಯ ಗಂಜಿ ಉಂಡು ನಿತ್ರಾಣರಾಗುತ್ತಾರೆ. ಕುಚ್ಚಲಕ್ಕಿ ಅನ್ನ, ತೊವ್ವೆ, ಪಲ್ಯ, ಮೊಟ್ಟೆ, ಮಜ್ಜಿಗೆ ಇವುಗಳಿಂದ ತುಂಬಿದ ತಟ್ಟೆ ಬಡವಾದುದೇನಲ್ಲ.

ಇನ್ನು ಪಾನೀಯಗಳ ವಿಚಾರ. ಮದ್ಯಗಳಲ್ಲಿ ಬಿಯರು ಅತ್ಯಂತ ಹಾನಿಕರ. ಅದರಲ್ಲಿ ಮದ್ಯಸಾರದ ಜೊತೆಗೆ ಪ್ಯೂರಿನೂ ಇದೆ. ನಂತರದ ಸ್ಥಾನ ವಿಸ್ಕಿ, ರಮ್, ಫೆನ್ನಿಗಳದು. ಕಳ್ಳು ಪ್ರಕೃತಿದತ್ತವೆಂದು ಸಮಾಧಾನಪಟ್ಟುಕೊಳ್ಳುವವರು ಅದೂ ಹುದುಗಿದ ಮದ್ಯವೇ ಎಂಬುದನ್ನು ಮರೆಯಬಾರದು. ದ್ರಾಕ್ಷಾರಸದ ಅಪಾಯ ಕಡಿಮೆಯೆನ್ನುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಮದ್ಯ ಮುಟ್ಟದ ಯುವಕರೂ ಎಚ್ಚರದಿಂದಿರಬೇಕಾದ ಸಂಗತಿಯೊಂದಿದೆ. ಬಾಟಲಿಯ ಸಿಹಿಪಾನೀಯಗಳಲ್ಲಿರುವ ಫ್ರಕ್ಟೋಸ್ ಎಂಬ ಸಕ್ಕರೆ ದೇಹದಲ್ಲಿ ಯೂರಿಕ್ ಆಮ್ಲದ ಉತ್ಪತ್ತಿಯನ್ನು ನೇರವಾಗಿ ಹೆಚ್ಚಿಸುತ್ತದೆ. ಸಕ್ಕರೆ ಸುರಿದ ಪುನರ್ಪುಳಿ ಶರಬತ್ತಿಗೂ ಈ ಮಾತು ಅನ್ವಯ. ಸಕ್ಕರೆಯಿಲ್ಲದ ಪುನರ್ಪುಳಿ ಸಾರಿಗೆ ಅಡ್ಡಿಯಿಲ್ಲ. ಕಾಫಿ ಕುಡಿಯುವವರಲ್ಲಿ ಗೌಟ್ ಕಡಿಮೆಯೆಂದು ಕಂಡುಬಂದಿದೆ. ಬೆವರು ಧಾರೆಯಾಗಿ ಇಳಿಯುವ ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡೂವರೆ ಲೀಟರಿನಷ್ಟು ನೀರು ಅವಶ್ಯ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದಾಗಿ ನೀರಿಗೆ ಮಿತಿ ಹಾಕಿಸಿಕೊಂಡವರು ಮಾತ್ರ ವೈದ್ಯರ ಮಾತನ್ನೇ ಪಾಲಿಸಲಿ.

ಮನೆಮದ್ದುಗಳ ಮೂರು ಗುಂಪು

ನೋವಿನ ಸುದ್ದಿ ಹಬ್ಬಿದಂತೆ ನಮ್ಮ ಮನೆಗೆ ಮದ್ದುಗಳೂ ಬಂದವು. ಈಗ ಅವುಗಳನ್ನು ನಾವು ಮೂರು ಗುಂಪುಗಳಾಗಿ ವಿಂಗಡಿಸುತ್ತೇವೆ.

ಮೊದಲನೆಯದು ನಿಜಕ್ಕೂ ಉಪಯುಕ್ತವಾದವು. ನೋವು ಕೆರಳಿದಾಗ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಒಂದು ಸಲಕ್ಕೆ ಹದಿನೈದು-ಇಪ್ಪತ್ತು ನಿಮಿಷ ಇಡುವುದು, ಕಾಲನ್ನು ದಿಂಬಿನ ಮೇಲೆ ಎತ್ತರಿಸುವುದು, ಹೊದಿಕೆ ತಗಲದಂತೆ ಕಾಲಬಳಿ ಪೆಟ್ಟಿಗೆಯೊಂದನ್ನು ಇಟ್ಟು ಮರೆ ಮಾಡುವುದು, ಪೂರ್ಣ ವಿಶ್ರಾಂತಿ. ಬಿಸಿ ಶಾಖ ಮತ್ತು ತಿಕ್ಕುವಿಕೆ ಆ ಹೊತ್ತಿಗೆ ಸಲ್ಲದು.

ಎರಡನೆಯದು ತೊಂದರೆ ಕೊಡದ, ಆದರೆ ಹೆಚ್ಚಿನ ಭರವಸೆಯನ್ನೂ ಇಡಲಾಗದವು. ನೆಲ್ಲಿಕಾಯಿ ಮತ್ತು ಪೇರಳೆಯ ವಿಟಮಿನ್ ಸಿ ಯೂರಿಕ್ ಆಮ್ಲವನ್ನು ತುಸು ಮಾತ್ರ ಇಳಿಸೀತು. ಅಡಿಗೆಯಲ್ಲಿ ಬಳಸುವ ಶುಂಠಿ, ಅರಸಿನಗಳೂ ಈ ಸಾಲಿಗೇ ಸೇರುತ್ತವೆ. ತಿನ್ನಲಿ, ಅದೇ ಚಿಕಿತ್ಸೆಯೆಂದು ನಂಬದಿರಲಿ.

ಮೂರನೆಯ ಗುಂಪು ಅಪಾಯಕರ. ಬಿಂಬುಳಿಯ ರಸ ಹುಳಿಯಾದುದರಿಂದ ಹರಳನ್ನು ಕರಗಿಸುತ್ತದೆಂದು ಯಾರೋ ಹೇಳಿದ್ದರು. ಹಿತ್ತಲಲ್ಲಿ ಕಾಯಿ ತುಂಬಿದ್ದ ಮರವಿತ್ತು, ಬಾಪ್ಪು ಒಂದು ಲೋಟ ಕುಡಿಯಲು ಸಿದ್ಧರಾಗಿದ್ದರು. ಬಿಂಬುಳಿಯಲ್ಲಿ ಆಕ್ಸಲೇಟ್ ಅಂಶ ವಿಪರೀತ. ಅದರ ರಸ ಕುಡಿದು ಮೂತ್ರಪಿಂಡ ಹಠಾತ್ತಾಗಿ ಕೆಟ್ಟ ಪ್ರಕರಣಗಳನ್ನು ಕೇರಳದ ವೈದ್ಯರು ವರದಿ ಮಾಡಿದ್ದಾರೆ. ಮೀನಿನ ಸಾರಿಗೆ ನಾಲ್ಕು ಹೋಳು ಹಾಕುವುದು ಬೇರೆ, ಲೋಟಗಟ್ಟಲೆ ರಸ ಕುಡಿಯುವುದು ಬೇರೆ. ಅಡಿಗೆ ಸೋಡಾ ಕದಡಿ ಕುಡಿಯುವುದರಿಂದ ಉಪ್ಪಿನಂಶ ಸೇರಿ ರಕ್ತದೊತ್ತಡ ಏರುವ ಭಯವಿದೆ. ಆಯುರ್ವೇದದಲ್ಲಿ ವಾತರಕ್ತಕ್ಕೆ ಅಮೃತಬಳ್ಳಿ ಪ್ರಸಿದ್ಧವಾದುದು ನಿಜ. ಆದರೆ ಅದನ್ನು ಮನಬಂದಂತೆ ದಿನಗಟ್ಟಲೆ ಸೇವಿಸಿ ಯಕೃತ್ತಿಗೆ ಹಾನಿಯಾದ ಉದಾಹರಣೆಗಳು 2021ರಲ್ಲಿ ಮುಂಬಯಿಯಿಂದ ವರದಿಯಾದವು. ಬಳಸುವುದಾದರೆ ಕಲಿತ ಆಯುರ್ವೇದ ವೈದ್ಯರ ಕಣ್ಣಳತೆಯಲ್ಲಿರಲಿ.

ಮಳೆಗಾಲದಲ್ಲಿ ಬೇಲಿಯಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಗೌರಿಹೂವಿನ, ಅಂದರೆ ಅಗ್ನಿಶಿಖೆಯ, ಗೆಡ್ಡೆಯ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಗೌಟಿಗೆ ವೈದ್ಯರು ಕೊಡುವ ಕೊಲ್ಚಿಸಿನ್ ಎಂಬ ಔಷಧ ಆ ಗೆಡ್ಡೆಯಲ್ಲಿ ಇರುವುದು ಸತ್ಯವೇ. ಆದರೆ ಮಾತ್ರೆಯಲ್ಲಿ ಅದನ್ನು ಮಿಲಿಗ್ರಾಮಿನ ಅರ್ಧದಷ್ಟು ಅಳೆದು ಕೊಡುತ್ತಾರೆ. ಗೆಡ್ಡೆಯಲ್ಲಿ ಎಷ್ಟಿದೆಯೆಂದು ಅಡಿಗೆಮನೆಯಲ್ಲಿ ಅಳೆಯಲಾಗದು. ಅದನ್ನು ತಿಂದವರು ಸತ್ತಿದ್ದಾರೆ.

ಪಥ್ಯದ ಮಿತಿ, ಔಷಧದ ಸ್ಥಾನ

ಪಥ್ಯವೊಂದರಿಂದಲೇ ಗೌಟ್ ಗುಣವಾಗುವುದೇ? ಬಾಪ್ಪು ಹಾಗೆ ಹಟ ಹಿಡಿದಿದ್ದರು. "ಜೀವನಪೂರ್ತಿ ಮಾತ್ರೆ ನುಂಗಲು ನನ್ನಿಂದಾಗದು, ಬಾಯಿ ಕಟ್ಟುತ್ತೇನೆ" ಎಂದರು. ಆರು ತಿಂಗಳ ಕಟ್ಟುನಿಟ್ಟಿನ ನಂತರ ಅವರ ಯೂರಿಕ್ ಆಮ್ಲ 9.4ರಿಂದ 8.3ಕ್ಕೆ ಇಳಿದಿತ್ತು. ಇದು ಅವರ ಸೋಲಲ್ಲ. ದೇಹದ ಯೂರಿಕ್ ಆಮ್ಲದ ಸುಮಾರು ಮೂರನೆಯ ಒಂದು ಭಾಗ ಮಾತ್ರ ಆಹಾರದಿಂದ ಬರುವುದು. ಉಳಿದುದನ್ನು ದೇಹವೇ ತಯಾರಿಸುತ್ತದೆ. ಪಥ್ಯದಿಂದ ಸಾಮಾನ್ಯವಾಗಿ ಒಂದು ಮಿಲಿಗ್ರಾಂ ಆಸುಪಾಸು ಇಳಿಯುವುದೇ ಹೆಚ್ಚು. ಹರಳುಗಳು ಕರಗಬೇಕಾದರೆ ಅದು 6ಕ್ಕಿಂತ ಕೆಳಗೆ ಬಂದು ಅಲ್ಲಿಯೇ ನಿಲ್ಲಬೇಕು.

ಅದಕ್ಕಾಗಿ ಪದೇ ಪದೇ ನೋವು ಬರುವವರಿಗೆ, ಮೂತ್ರಪಿಂಡ ದುರ್ಬಲವಾದವರಿಗೆ, ಚರ್ಮದಡಿ ಗಂಟುಗಳೆದ್ದವರಿಗೆ ವೈದ್ಯರು ಅಲೊಪ್ಯೂರಿನಾಲಿನಂಥ ಮಾತ್ರೆ ಸೂಚಿಸುತ್ತಾರೆ. ಗೌಟಿಗೆ 1966ರಿಂದ ಬಳಕೆಯಲ್ಲಿರುವ ಈ ಔಷಧವನ್ನು ರೂಪಿಸಿದವರಲ್ಲಿ ಪ್ರಮುಖರಾದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ ಅವರು 1988ರಲ್ಲಿ ನೊಬೆಲ್ ಪಾರಿತೋಷಕ ಹಂಚಿಕೊಂಡರು. ದಿನಕ್ಕೆ 100 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಯಿಂದ ಆರಂಭಿಸಿ ನಿಧಾನವಾಗಿ ಏರಿಸುವುದು ಕ್ರಮ. ಆರಂಭದ ತಿಂಗಳುಗಳಲ್ಲಿ ಹಳೆಯ ಹರಳುಗಳು ಕದಲುವುದರಿಂದ ನೋವು ಮರುಕಳಿಸಬಹುದು. ಔಷಧ ಸೋತಿತೆಂದು ಭಾವಿಸಿ ನಿಲ್ಲಿಸುವವರು ಬಹಳ. ಅದನ್ನು ತಡೆಯಲೆಂದೇ ಕೆಲವು ತಿಂಗಳು ಅಲ್ಪ ಪ್ರಮಾಣದ ಕೊಲ್ಚಿಸಿನ್ ಜೊತೆಗೂಡಿಸುತ್ತಾರೆ. ಮೈಮೇಲೆ ಗುಳ್ಳೆ ಅಥವಾ ಕೆಂಪು ಕಲೆಗಳು ಕಂಡರೆ ಮಾತ್ರ ಮಾತ್ರೆ ನಿಲ್ಲಿಸಿ ತಕ್ಷಣ ವೈದ್ಯರ ಬಳಿಗೆ ಹೋಗಬೇಕು.

ಇನ್ನೆರಡು ಸೂಚನೆಗಳು. ನೋವಿನ ದಿನ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಯೂರಿಕ್ ಆಮ್ಲ ಸಹಜವಾಗಿ ಕಾಣಬಹುದು. ಎರಡು ಮೂರು ವಾರಗಳ ಬಳಿಕ ಮತ್ತೊಮ್ಮೆ ಮಾಡಿಸಬೇಕು. ಕೀಲುನೋವಿನೊಂದಿಗೆ ಜ್ವರ, ಚಳಿ ಇದ್ದರೆ ಅದು ಕೀಲಿಗೆ ಕೀವು ತುಂಬಿದ ತುರ್ತು ಸ್ಥಿತಿಯೂ ಆಗಿರಬಹುದು. ಮನೆಯಲ್ಲಿ ಕಾಯುವ ಹೊತ್ತು ಅದಲ್ಲ.

ಜೀವನಕ್ರಮದ ಮಟ್ಟಿಗೆ ತೂಕ ಇಳಿಸುವುದೇ ಮುಖ್ಯ, ಅದೂ ನಿಧಾನವಾಗಿ, ವಾರಕ್ಕೆ ಅರ್ಧ ಕಿಲೋದಂತೆ. ನೋವಿಲ್ಲದ ದಿನಗಳಲ್ಲಿ ಅರ್ಧ ಗಂಟೆಯ ನಡಿಗೆ, ಬೆರಳನ್ನು ಒತ್ತದ ಅಗಲವಾದ ಪಾದರಕ್ಷೆ, ವರ್ಷಕ್ಕೊಮ್ಮೆಯಾದರೂ ಮೂತ್ರಪಿಂಡ ಮತ್ತು ರಕ್ತದೊತ್ತಡದ ತಪಾಸಣೆ, ಇಷ್ಟನ್ನು ತಪ್ಪಿಸಬಾರದು.

ಮೊಂತಿ ಹಬ್ಬದ ಎಲೆ

ಬಾಪ್ಪು ಕೊನೆಗೂ ಮಾತ್ರೆಗೆ ಒಪ್ಪಿದರು. ಅವರ ಮನಸ್ಸನ್ನು ತಿರುಗಿಸಿದುದು ನಮ್ಮ ವಾದವಲ್ಲ. ಡಯಾಲಿಸಿಸಿಗೆ ವಾರಕ್ಕೆರಡು ಸಲ ಹೋಗಿಬರುವ ಅವರ ಬಾಲ್ಯದ ಗೆಳೆಯರೊಬ್ಬರನ್ನು ನೋಡಲು ಹೋದ ಅವರು ಬಹಳ ಹೊತ್ತು ಮೌನವಾಗಿದ್ದು ಮನೆಗೆ ಬಂದರು. ಆ ರಾತ್ರಿ ಅವರೇ ನೀರು ತರಿಸಿ ಮಾತ್ರೆ ನುಂಗಿದರು. ಇಂದು ಅವರ ಯೂರಿಕ್ ಆಮ್ಲ 5.6. ಎರಡು ವರ್ಷಗಳಿಂದ ನೋವು ಬಂದಿಲ್ಲ. ಕ್ರಿಯಾಟಿನೈನ್ ಹಿಂದಿನ ಸಹಜ ಮಟ್ಟಕ್ಕೆ ಮರಳಲಿಲ್ಲ, ಆದರೆ ಏರುವುದು ನಿಂತಿದೆ. ಆ ನಾಲ್ಕು ವರ್ಷಗಳ ಮಾತ್ರೆಗಳು ತೆಗೆದುಕೊಂಡು ಹೋದುದು ಹೋಯಿತು.

ಕಳೆದ ಸೆಪ್ಟೆಂಬರ್ 8ರಂದು ಮೊಂತಿ ಹಬ್ಬಕ್ಕೆ ಮನೆಮಂದಿಯೆಲ್ಲ ಕೂಡಿದ್ದೆವು. ಆಶೀರ್ವದಿಸಿದ ಹೊಸ ತೆನೆಯ ಅಕ್ಕಿಯನ್ನು ಹಾಲಿನಲ್ಲಿ ಬೆರೆಸಿ ಹಿರಿಯರಿಂದ ಕಿರಿಯರವರೆಗೆ ಹಂಚಲಾಯಿತು. ಬಾಳೆಲೆಯ ಮೇಲೆ ಕೆಸುವು, ಬೆಂಡೆ, ಹೀರೆ, ಅಲಸಂಡೆ, ಸೌತೆ, ಮೀನಿಲ್ಲ, ಮಾಂಸವಿಲ್ಲ. ಎಲೆಯ ಮುಂದೆ ಪದ್ಮಾಸನ ಹಾಕಿ ಕುಳಿತ ಬಾಪ್ಪು, "ವರ್ಷಕ್ಕೊಮ್ಮೆ ಮಾಡುವ ಈ ಊಟವನ್ನು ವಾರಕ್ಕೆರಡು ಸಲ ಮಾಡಿದ್ದರೆ ನನ್ನ ಕಾಲು ಹೀಗಾಗುತ್ತಿತ್ತೇ?" ಎಂದರು. ಮಾತ್ರೆಯೂ ಬೇಕಾಗುತ್ತಿತ್ತು ಎಂದು ನಾವು ನೆನಪಿಸಿದೆವು. ಅವರು ನಕ್ಕು ಇನ್ನೊಂದು ಸೌಟು ಕೆಸುವಿನ ಪಲ್ಯ ಹಾಕಿಸಿಕೊಂಡರು.

ಊಟ ಮುಗಿಸಿ ಅವರು ಯಾರ ಕೈಯನ್ನೂ ಹಿಡಿಯದೆ ನೆಲದಿಂದ ಎದ್ದರು. ನಿಮ್ಮ ಮನೆಯಲ್ಲಿಯೂ ರಾತ್ರಿ ಹೊತ್ತು ಹೆಬ್ಬೆರಳು ಹಿಡಿದು ನರಳುವವರಿದ್ದರೆ, ನಗಬೇಡಿ, ತಿಕ್ಕಬೇಡಿ, ಔಷಧದ ಅಂಗಡಿಯ ಮಾತ್ರೆಗೆ ಓಡಬೇಡಿ. ಮಂಜುಗಡ್ಡೆ ಇಟ್ಟು, ಬೆಳಗಾದೊಡನೆ ವೈದ್ಯರ ಬಳಿಗೆ ಕರೆದೊಯ್ಯಿರಿ. ನಾವು ಕಳೆದುಕೊಂಡ ನಾಲ್ಕು ವರ್ಷಗಳನ್ನು ನೀವು ಕಳೆದುಕೊಳ್ಳಬೇಕಾಗಿಲ್ಲ.